ಹೊತ್ತಿಗೆ ಹಿಡಿದ ಕಾಯಿ

ಫಕೀರವ್ವ ಸೆರಗಿನ ಗಂಟು ಬಿಚ್ಚಿ
ಒಂದು ಒಣಮೆಣಸಿನಕಾಯಿ ಇಟ್ಟಳು
ಪೇಂಟಿನ ಅಂಗಡಿ ಗಾಜಿನ ಮ್ಯಾಲೆ.
"ಈ ಬಣ್ಣ ಬೇಕು. ಗ್ವಾಡಿಗೆ."

ಅಂಗಡಿ ಹುಡುಗ ಕಾಯಿಗೆ ಯಂತ್ರ ಹಿಡಿದ.
ಯಂತ್ರಕ್ಕ ಸುಕ್ಕು ತಿಳೀಲಿಲ್ಲ.
ಒಂದು ಮಗ್ಗಲಿಗೆ ಒಂದು ನಂಬರು ಹೇಳಿತು,
ಹೊಳ್ಳಿಸಿ ಹಿಡಿದರ ಇನ್ನೊಂದು.
ನಾನು ಮೌಲಾಲಿ, ಬಣ್ಣದವ.
ನನ್ನಪ್ಪ ಸುಣ್ಣ ಬಳೀದ ಮನಿ ಬ್ಯಾಡಗಿಯೊಳಗ ಕಡಿಮಿ.
ನಂಬರಿಲ್ಲದ ಬಣ್ಣ ಕೂಲಿ ತಿಂತೈತಿ,
ಅಷ್ಟು ನನಗ ಗೊತ್ತಿತ್ತು.

ಹತ್ತು ಬೈ ಹನ್ನೆರಡರ ಖೋಲಿ.
ಉಣ್ಣೋದೂ ಅಲ್ಲೇ, ಮಲಗೋದೂ ಅಲ್ಲೇ,
ಪಡುವಣಕ್ಕೊಂದು ಕಿಟಕಿ.
"ಅವ್ವಾ, ಕೆಂಪು ಹಚ್ಚಿದರ ಖೋಲಿ ಸಣ್ಣ ಕಾಣತೈತಿ."
"ಸಣ್ಣದ ಐತಲ್ಲೋ. ಕಂಡರ ಏನಾತು?"

ಮೂವತ್ತೊಂದು ವರ್ಷ ತೊಟ್ಟು ಬಿಡಿಸ್ಯಾಳ ಆಕಿ,
ರಾಶಿ ಮುಂದ ಮೂಗಿಗೆ ಸೆರಗು ಕಟ್ಟಿ.
ಕಡ್ಡಿ ಯಾವುದು, ಡಬ್ಬಿ ಯಾವುದು,
ಕೋಲ್ಡ್ ಸ್ಟೋರೇಜಿನೊಳಗ ವರ್ಷ ಕಳೆದದ್ದು ಯಾವುದು,
ಕಣ್ಣು ಮುಚ್ಚಿ ಹೆಬ್ಬಟ್ಟಿಲೆ ಹೇಳತಾಳ.
ಅಂಥಾಕಿ ಮುಂದ ನಾನು
ಶೇಡ್ ಕಾರ್ಡು ಬಿಚ್ಚಿ ನಿಂತಿದ್ದೆ,
ಸೋಲೋ ಇಸ್ಪೀಟು ಹಿಡಿದವನಂಗ.

ಬಾಗಿಲ ಹಿಂದಿನ ಗ್ವಾಡಿಗೆ ಮೂರು ಕಡೆ ಹಚ್ಚಿ ತೋರಿಸಿದೆ,
ಒಂದೊಂದು ರೊಟ್ಟಿಯಷ್ಟಗಲ.
"ಇದು ಹಾವೇರಿ ಬಸ್ಸು," ಅಂದಳು ಮೊದಲಿಂದಕ್ಕ.
"ಇದು ಗಿರಣಿ ಪುಡಿ. ಸತ್ತೈತಿ."
ಮೂರನೇದರ ಮುಂದ ಭಾಳೊತ್ತು ನಿಂತಳು.
ಹಸಿ ಇದ್ದಾಗನ ಅಂಗೈ ಊರಿದಳು, ಐದೂ ಬೆರಳು ಮೂಡಿದವು.
"ಇದು ಸನೇಕ ಬಂತು. ಆದರ ಒಳಗೇನೂ ಇಲ್ಲ ಇದರಾಗ."

ಬಣ್ಣಕ್ಕ ಒಳಗು ಎಲ್ಲಿಂದ ತರಲಿ?
ಸಿಟ್ಟಿಲೆ ಬ್ರಷ್ ತೊಳೆಯಾಕ ಹೋದೆ.
ತಿರುಗಿ ಬಂದಾಗ ಸಂಜಿ ಐದೂವರಿ,
ಹೊತ್ತು ಕಿಟಕಿಗೆ ಇಳಿದಿತ್ತು.
ಆಕಿ ಕಾಯಿ ಎರಡು ಬೆರಳಿಲೆ ಹಿಡಿದು
ಹೊತ್ತಿಗೆ ಅಡ್ಡ ಎತ್ತಿದಳು. "ಇಲ್ಲಿ ಬಾ. ನೋಡು."

ಹೊರಗ ಕಂದು ಇದ್ದದ್ದು
ಒಳಗಿಂದ ಕೆಂಪು, ಬಿಸಲಾಗ ಕೂತ ಕೂಸಿನ ಕಿವಿ ಹಂಗ.
ಬೀಜ ಎಣಿಸಬಹುದಿತ್ತು.
"ಖಾರ ಕಡಿಮಿ ಇದಕ್ಕ. ಬಣ್ಣ ಕೊಡಾಕ ಹುಟ್ಟೇತಿ."

ಅದು ಡಬ್ಬಿಯೊಳಗ ಸಿಗೂದಲ್ಲ.

ಗ್ವಾಡಿಗೆ ಸುಣ್ಣ ಹಾಕಿದೆ, ಮರಳು ಕಲಸಿ, ದಪ್ಪ.
ಹಸಿ ಇದ್ದಾಗ ಹಳೇ ಕಸಬರಿಗೀಲೆ ಅಡ್ಡ ಎಳೆದೆ.
ಕೈ ಆಡಿಸಿದರ ಎತ್ತಿನ ನಾಲಿಗಿ ಮುಟ್ಟಿದಂಗ.
ಕರಿ ಹಾಸುಗಲ್ಲು ಹಂಗ ಬಿಟ್ಟೆ.
ಮೂಲ್ಯಾಗ ಒಂದು ತಳ ಹರಿದ ಜರಡಿ ಇತ್ತು,
ಅದರ ಬಳಿಗೆ ತಂತಿ ಹೆಣೆದೆ, ಉದ್ದ, ಡೊಂಕು, ತುದಿ ಚೂಪು.
ಮ್ಯಾಲೆ ತೆಳ್ಳನ ಮಲ್ ಬಟ್ಟಿ, ಕೆಂಪು ಕುಡಿಸಿ ಗಂಜಿಯೊಳಗ ಅದ್ದಿದ್ದು.
ಸುಕ್ಕು ಹಾಕೋ ಕೆಲಸ ಆಕಿ ನನಗ ಬಿಡಲಿಲ್ಲ.
"ಇಲ್ಲಿ ಸಾಲದು. ಅಲ್ಲಿ ಜಾಸ್ತಿ ಆತು.
ಡಬ್ಬಿ ಅಲ್ಲೋ ಇದು, ಕಡ್ಡಿ!"
ಮೂರು ಸಲ ಬಿಚ್ಚಿದ್ವಿ.

ಒಳಗ ಒಂಬತ್ತು ವ್ಯಾಟಿನ ಬಲ್ಬು.
ಕರೆಂಟು ಬಂದದ್ದು ಎಂಟಕ್ಕ.

ಬಟನ್ ಒತ್ತಿದೆ.
ಬಿಳಿ ಗ್ವಾಡಿಯ ಗೀರು ಗೀರಿನೊಳಗೂ
ಕೆಂಪು ಹೊಕ್ಕು ಕೂತಿತು,
ಪ್ರತಿ ಗೀರಿಗೂ ಅದರದೇ ನೆರಳು.
ಹಾಸುಗಲ್ಲು ಒದ್ದಿಯಾದಂಗ ಹೊಳೀತು.
ಖೋಲಿ ಸಣ್ಣಾಗಲಿಲ್ಲ,
ಮೂಲಿಗಳು ಎಲ್ಲೋ ಹೋದವು.

ಫಕೀರವ್ವ ದೀಪದ ಕೆಳಗ ನಿಂತು ಮುಖ ಎತ್ತಿದಳು.
ನಾನು ಮಾತಿಗೆ ಕಾದೆ.
ಆಕಿ ಸೀನಿದಳು.
ಒಂದು. ಎರಡು. ತಡೆದು, ಮತ್ತೊಂದು.
ಧೂಳಿಲ್ಲ, ಘಾಟಿಲ್ಲ, ಬರೇ ಬೆಳಕಿಗೆ.
ರೂಢಿಯಂಗ ಸೆರಗು ಮೂಗಿಗೆ ಹಿಡಕೊಂಡು
ನಗತಿದ್ದಳು, ಕಣ್ಣಾಗ ನೀರು.

ಆ ಮೂರನೇ ರೊಟ್ಟಿಗೆ ಮಾತ್ರ ಸುಣ್ಣ ಹೊಡಿಯಾಕ ಬಿಟ್ಟಿಲ್ಲ.
ಬಾಗಿಲ ಹಿಂದ ಇನ್ನೂ ಐತಿ, ಬೆರಳು ಸಹಿತ.

ಕೂಲಿ ಎಣಿಸಿ ಕೊಟ್ಟಳು, ಇನ್ನೂರು ಹಿಡಕೊಂಡು.
"ಗ್ವಾಡಿಗೆ ಬಣ್ಣ ಹಚ್ಚಲಿಲ್ಲಲ್ಲೋ ನೀ."